ರಿಹರ್ಸಲ್ ಇಲ್ಲದ ಮೊದಲ ಆಟ

ನ್ಯೂಯಾರ್ಕಿನ ಬಸ್ ನಿಲ್ದಾಣದ ಸಾಲಿನಲ್ಲಿ ಡೊರೀನಳ ಮುಂದೆ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾದ ಪೆಟ್ಟಿಗೆ ಹಿಡಿದ ಇಬ್ಬರು ವಾದಕಿಯರು ನಿಂತಿದ್ದರು. ಒಬ್ಬಾಕೆ ನರೆಗೂದಲಿನವಳು, ಇನ್ನೊಬ್ಬಳು ಹುಡುಗಿ.

“ರೋವೀನಾ, ನಿನ್ನೆ ಸಂಗೀತ ನಾಟಕಕ್ಕೆ ಖಾಯಂ ವಾದಕರ ಬದಲಿಯಾಗಿ ಕೂತ್ಯಂತಲ್ಲೇ, ಹೇಗಾಯ್ತು?” ನರೆಗೂದಲಿನವಳು ಹುಡುಗಿಯನ್ನು ಕೇಳಿದಳು.

“ರಿಹರ್ಸಲ್ಲೇ ಇಲ್ಲ ಅಕ್ಕಾ! ಒಂದಿನ ಖಾಯಂನವರ ಪಕ್ಕ ಕೂತು ನೋಡಿದ್ದೆ, ಅಷ್ಟೇ. ನಿನ್ನೆ ನೇರ ಸಾವಿರ ಜನರ ಮುಂದೆ, ಎರಡೂವರೆ ಗಂಟೆ.”

ಡೊರೀನ್ ಬೆರಗಾಗಿ ಕಿವಿಗೊಟ್ಟಳು.

“ಎಲ್ಲಾದ್ರೂ ತಪ್ಪಿದ್ಯಾ?”

“ಇಲ್ಲ. ಆದ್ರೆ ವಾದ್ಯವೃಂದ ನಡೆಸೋ ಮೇಷ್ಟ್ರು ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ. ಇನ್ನು ಕರೆಯಲ್ಲ ಬಿಡಿ.”

“ಅಯ್ಯೋ ಹುಚ್ಚೀ! ತಪ್ಪಿದವರನ್ನೇ ಅವರು ದುರುಗುಟ್ಟಿ ನೋಡೋದು. ಖಾಯಂನವರೇ ಕೂತಿದ್ದಾರೆ ಅಂದ್ಕೊಂಡಿದ್ದಾರೆ ಕಣೇ!”

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು. ಅಷ್ಟರಲ್ಲಿ ಅವರ ಬಸ್ಸು ಬಂತು. ಪೆಟ್ಟಿಗೆ ಅವುಚಿಕೊಂಡು ಹತ್ತುತ್ತಿದ್ದ ಹುಡುಗಿಯ ಪುಟ್ಟ ಬೆರಳುಗಳನ್ನೇ ನೋಡುತ್ತ ಡೊರೀನ್ ನಿಂತುಬಿಟ್ಟಳು.