ದೊಡ್ಡಮನೆಯ ಸಿಳ್ಳೆ ದಾರಿ

ಬಾಗಿಲು ಹಾಕಿಕೊಂಡು ಬನ್ನಿ. ಕತೆ ಮುಗಿಯುವ ತನಕ ಯಾರೂ ಸಿಳ್ಳೆ ಹಾಕಬಾರದು, ಈಗಲೇ ಹೇಳಿದ್ದೇನೆ. ಇದು ನನ್ನ ಚಿಕ್ಕಮ್ಮನ ಮಗಳು ವರ್ಡೆಲ್‌ಗೆ ಆದದ್ದು.

ನದಿಯಾಚೆ ಪೆಂಬ್ರೂಕ್ ದೊಡ್ಡಮನೆ ಇದೆಯಲ್ಲ... ನಮ್ಮ ಹಿರಿಯರು ಬಿಳಿಯರ ಗುಲಾಮರಾಗಿ ಭತ್ತ ಬೆಳೆದು, ಇಟ್ಟಿಗೆ ಸುಟ್ಟು ಕಟ್ಟಿದ ಮನೆ. ಈಗ ಅದು ಮದುವೆ ಛತ್ರ. ಚಾರ್ಲ್ಸ್‌ಟನ್ ಪಟ್ಟಣದಿಂದ ಬಂದವರು ಆ ಬಿಳಿ ಕಂಬಗಳನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಹಿತ್ತಲಲ್ಲಿ ಬೇರೆಯೇ ಕಟ್ಟಿದ್ದಾರೆ. ಅಲ್ಲಿಂದ ಊಟದ ಕೋಣೆಗೆ ಒಂದು ಇಟ್ಟಿಗೆ ದಾರಿ. ನಡುವೆ ಬಾವಿ, ಬಾವಿಯ ಮೇಲೆ ಬಾಗಿದ ಓಕ್ ಮರ. ಆ ಕಾಲದಲ್ಲಿ ತಟ್ಟೆ ಹೊತ್ತವರು ಆ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಲೇ ಬರಬೇಕಿತ್ತು. ಸಿಳ್ಳೆ ಹಾಕುವ ಬಾಯಿ ತಿನ್ನಲಾರದಲ್ಲ! ಹಸಿದವರ ಕೈಗೆ ಬಿಸಿ ಬನ್ನು ಕೊಟ್ಟು, ಬಾಯಿಗೆ ಬೀಗ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಅಜ್ಜಿ ಒಡೆಸ್ಸಾ. ಅವಳ ಅಜ್ಜಿಗೆ ಸೂಕಿ ಅಂತ ಒಬ್ಬಳು ತಂಗಿ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಒಂದು ರಾತ್ರಿ ತಟ್ಟೆ ಹೊತ್ತು ಬರುತ್ತಿದ್ದಾಗ ಬಾವಿಯ ಹತ್ತಿರ ಸೂಕಿಯ ಸಿಳ್ಳೆ ನಿಂತಿತು. ಒಂದು ತುತ್ತು ಬಾಯಿಗೆ ಹಾಕಿಕೊಂಡಿದ್ದಳು, ಅಷ್ಟೇ. ಬೆಳಗಾದಾಗ ಅವಳಿರಲಿಲ್ಲ. ಮಾರಿದರೋ, ಇನ್ನೇನು ಮಾಡಿದರೋ... ಕೇಳುವ ಧೈರ್ಯ ಯಾರಿಗಿತ್ತು? ಅಂದಿನಿಂದ ನಮ್ಮ ಮನೆತನದಲ್ಲಿ ಯಾರೂ ಸಿಳ್ಳೆ ಹಾಕುವುದಿಲ್ಲ. ನಾಯಿ ಕರೆಯುವುದಕ್ಕೂ ಇಲ್ಲ.

ವರ್ಡೆಲ್ ಆ ಛತ್ರದಲ್ಲಿ ಬಡಿಸುವ ಕೆಲಸಕ್ಕಿದ್ದಳು. ತುಂಬಿದ ಬಸುರಿ. ಗಂಡ ಲೆಮ್ಯುಯೆಲ್ ಸೀಗಡಿ ದೋಣಿಯಲ್ಲಿ ಜಾರಿ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದ. ಮನೆ ನಡೆಯುತ್ತಿದ್ದುದು ಇವಳೊಬ್ಬಳ ದುಡಿಮೆಯಲ್ಲಿ. ಅಂಥ ಹೊತ್ತಿನಲ್ಲೇ ಮೇಲ್ವಿಚಾರಕಿ ಮಿಸ್ ವಿನ್‌ಸ್ಲೋಗೆ ಹೊಸ ಹುಚ್ಚು ಹಿಡಿಯಿತು. 'ಹಳೆಯ ಕಾಲದ ಭೋಜನ' ಅಂತೆ. ಮೇಣದಬತ್ತಿ ಬೆಳಕು, ಸಿಳ್ಳೆ ಹಾಕುತ್ತ ಬರುವ ಬಡಿಸುವವರು.

"ನಮ್ಮನೇಲಿ ಸಿಳ್ಳೆ ಹಾಕಲ್ಲ ಮೇಡಂ," ಅಂದಳು ವರ್ಡೆಲ್.

"ಹಾಗಾದ್ರೆ ನಾಳೆಯಿಂದ ಮನೇಲೇ ಇರು. ನಾನು ಒಳಗೆ ಕೂತು ಕೇಳ್ತಿರ್ತೀನಿ. ಸಿಳ್ಳೆ ನಿಂತ್ರೆ ಕೆಲಸ ಹೋಯ್ತು ಅಂತ ತಿಳ್ಕೋ."

ಮನೆಯಲ್ಲಿ ಅಜ್ಜಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ವರ್ಡೆಲ್ ಪಕ್ಕದಲ್ಲಿ ಕೂತು ಪಿಸುಗುಟ್ಟಿದಳು. "ಒಂದೇ ಒಂದು ರಾತ್ರಿ ಅಜ್ಜಿ... ಹಾಕಿಬಿಡ್ಲಾ?"

ಅಜ್ಜಿ ತಲೆ ಎತ್ತಲಿಲ್ಲ. "ಹೊಟ್ಟೆ ನಿಂದು, ಬಾಯೂ ನಿಂದೇ. ನಾನೇನ್ ಹೇಳ್ಲಿ? ಬಾವಿ ಹತ್ರ ಮಾತ್ರ ನಿಲ್ಲಬೇಡ ಮಗಾ. ಅವಳಿನ್ನೂ ಹಸ್ಕೊಂಡೇ ಇದಾಳೆ."

ಭೋಜನದ ರಾತ್ರಿ ವರ್ಡೆಲ್ ಬನ್ನಿನ ತಟ್ಟೆ ಹೊತ್ತು ಅಡುಗೆಮನೆಯಿಂದ ಹೊರಟಳು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಗಾಳಿಯಿಲ್ಲ. ಇಟ್ಟಿಗೆಯ ಮೇಲೆ ಅವಳದೇ ಚಪ್ಪಲಿ... ಟಪ್... ಟಪ್... ತುಟಿ ಮುಂದೆ ಮಾಡಿದಳು. ಫೂ... ಬರೀ ಗಾಳಿ. ಮತ್ತೆ ಊದಿದಳು. ಫೂ... ಹುಟ್ಟಿದಾಗಿನಿಂದ ಹಾಕದವಳಿಗೆ ಸಿಳ್ಳೆ ಎಲ್ಲಿಂದ ಬರಬೇಕು? ಹಾಕಲೋ ಬೇಡವೋ ಅಂತ ಹಗಲೆಲ್ಲ ಕೊರಗಿದ್ದಳು. ತನಗೆ ಬರುವುದೇ ಇಲ್ಲ ಅನ್ನುವುದು ಹೊಳೆದಿರಲಿಲ್ಲ, ಪಾಪ!

ಬಾವಿಯ ಹತ್ತಿರ ಕಣ್ಣು ಕತ್ತಲೆಗಟ್ಟಿತು. ಬಾವಿಕಟ್ಟೆ ಹಿಡಿದು ನಿಂತಳು... ನಿಲ್ಲಬಾರದ ಜಾಗದಲ್ಲೇ.

"ತಿನ್ನು ಅಕ್ಕಾ..."

ಕಿವಿಯ ಪಕ್ಕದಲ್ಲೇ. ಮಗುವಿನ ದನಿ.

"ಯಾ... ಯಾರು?"

"ನಾನು ಹಾಕ್ತಿರ್ತೀನಿ. ನೀನು ತಿನ್ನು."

ಆಮೇಲೆ ಸಿಳ್ಳೆ ಶುರುವಾಯಿತು. ಸ್ಸೀ... ಸ್ಸೀ... ಸಣ್ಣದು, ನಡುವೆ ಗಾಳಿ ಸೋರುವಂಥದು. ಮುಂದಿನ ಹಲ್ಲು ಬಿದ್ದ ಮಕ್ಕಳು ಹಾಕುತ್ತಾರಲ್ಲ, ಹಾಗೆ. ವರ್ಡೆಲ್‌ಗೆ ಓಡಬೇಕು ಅನ್ನಿಸಲಿಲ್ಲವಂತೆ. ಅಳು ಬಂತಂತೆ. ತಟ್ಟೆಗೆ ಮುಚ್ಚಿದ್ದ ಬಟ್ಟೆ ಸರಿಸಿ ಒಂದು ಬನ್ನು ಬಾಯಿಗೆ ತುರುಕಿಕೊಂಡು, ಅಳುತ್ತ ಅಗಿಯುತ್ತ ಒಳಗೆ ನಡೆದಳು.

ಅತಿಥಿಗಳು ಚಪ್ಪಾಳೆ ತಟ್ಟಿದರು. ಮಿಸ್ ವಿನ್‌ಸ್ಲೋ ನಗುತ್ತ ಎದ್ದು ಬಂದಳು. "ನೋಡು, ಎಷ್ಟು ಚೆನ್ನಾಗಿ..."

ಅಲ್ಲೇ ನಿಂತಳು. ವರ್ಡೆಲ್‌ಳ ಕೆನ್ನೆ ಉಬ್ಬಿತ್ತು. ಗಲ್ಲದ ಮೇಲೆ ಬೆಣ್ಣೆ ಇಳಿಯುತ್ತಿತ್ತು. ಸಿಳ್ಳೆ ಮಾತ್ರ ಹೊರಗೆ, ಬಾವಿಯ ಕಡೆಯಿಂದ, ಬರುತ್ತಲೇ ಇತ್ತು... ಸ್ಸೀ... ಸ್ಸೀ... ಚಪ್ಪಾಳೆಗಳು ಒಂದೊಂದಾಗಿ ನಿಂತವು.

"ಹೊರಗೆ... ಯಾರಿದಾರೆ?"

ವರ್ಡೆಲ್ ಬಾಯಲ್ಲಿದ್ದುದನ್ನು ಮೊದಲು ನುಂಗಿದಳು. "ಸೂಕಿ. ನಮ್ಮ ಮನೆ ಹುಡುಗಿ. ಅವಳ ಪಾಲು ಕೊಟ್ಟು ಬರ್ತೀನಿ ಮೇಡಂ."

ಒಂದು ಬನ್ನು ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಇಟ್ಟಳು. ಸಿಳ್ಳೆ ನಿಂತಿತು. ಅವಳ ಕೆಲಸ ಉಳಿಯಿತು. ಹಳೆಯ ಕಾಲದ ಭೋಜನದ ಸುದ್ದಿಯನ್ನು ಮಿಸ್ ವಿನ್‌ಸ್ಲೋ ಮತ್ತೆ ಎತ್ತಲಿಲ್ಲ.

ಕೆಲಸ ಮುಗಿಸಿ ಮನೆಗೆ ಹೊರಟಾಗ ಬನ್ನು ಅಲ್ಲೇ ಇತ್ತು. ವರ್ಡೆಲ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಗೆ ತಂದುಕೊಟ್ಟಳು. ಅಜ್ಜಿ ರಾತ್ರಿಯಿಡೀ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಬೆಳಗ್ಗೆ ನಾನು ಹೋದೆ. "ಮುಟ್ಟಿ ನೋಡು," ಅಂದಳು ಅಜ್ಜಿ.

ನೀವು ನಂಬಿ, ಬಿಡಿ. ಇದೇ ಕೈಯಲ್ಲಿ ಹಿಡಿದಿದ್ದೇನೆ. ಒಂದು ಕಡೆ ಕಚ್ಚಿದ ಗುರುತಿತ್ತು. ಪುಟ್ಟ ಬಾಯಿ, ನಡುವೆ ಒಂದು ಹಲ್ಲಿಲ್ಲ. ಒಂದೇ ತುತ್ತು ತಿಂದು ಬಿಟ್ಟಿದ್ದಳು.

ಬನ್ನು ಇನ್ನೂ ಬಿಸಿಯಾಗಿತ್ತು.