ಎರಡು ಸಲ ತಟ್ಟಿದರೆ

ಶುರುವಾದದ್ದು ಒಂದು ಬಾವಿ ಹತ್ರ. ಬಾವಿ ಅಂದ ತಕ್ಷಣ ಹಾಗೆ ಕಣ್ಣು ಬಿಡಬೇಡಿ ಕಣ್ರೇ... ಬಾವಿಯಿಂದ ಏನೂ ಎದ್ದು ಬರಲಿಲ್ಲ. ಕಬ್ಬಿಣದ ಮುಚ್ಚಳ ಹಾಕಿದ ಬಾವಿ, ಮೇಲೆ ಗೇಣುದ್ದ ಹಿಮ, ಅದರ ಪಾಡಿಗೆ ಅದಿತ್ತು. ರಾತ್ರಿ ಒಂಬತ್ತಾಗಿರಬೇಕು. ನಮ್ಮಣ್ಣನೂ ಅವನ ಸ್ನೇಹಿತನೂ ರಸ್ತೆ ಬದಿ ಅಂಗಡೀಲಿ ಸೂಪು ಕುಡಿದು ತಮ್ಮ ವ್ಯಾನಿಗೆ ವಾಪಸ್ ನಡ್ಕೊಂಡು ಬರ್ತಿದ್ರು. ಹಿಮ ತುಳಿದ್ರೆ ಕರ್ಕ್... ಕರ್ಕ್... ಅಂತ ಸದ್ದು. ಬಾವಿ ಪಕ್ಕ ಬಂದಾಗ ಒಬ್ಬನ ಸದ್ದು ನಿಂತುಹೋಯ್ತು.

ಬಟ್ಟೆ ಒಗೆಯೋ ಮೆಷಿನ್ ನಿಲ್ಲೋಕೆ ಇನ್ನೂ ಮುಕ್ಕಾಲು ಗಂಟೆ ಇದೆ, ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ. ನನಗೂ ಸುಸ್ತಾಗಿದೆ, ಇನ್ನೊಂದ್ಸಲ ಹೇಳಲ್ಲ.

ನಮ್ಮಣ್ಣ ಅಂದ್ರೆ ದೊಡ್ಡಪ್ಪನ ಮಗ. ರಾತ್ರಿ ಬಸ್ಸಿನ ಡ್ರೈವರಾಗಿದ್ದ. ಸ್ನೇಹಿತ ಅಂದ್ರೆ ಅದೇ ಬಸ್ಸಿನ ಇನ್ನೊಬ್ಬ ಡ್ರೈವರು. ಡಿಪೋದಲ್ಲಿ ಎಲ್ಲರೂ ಅವನನ್ನ ರೇಡಿಯೋ ಅಂತಿದ್ರು, ಅವನು ಬಾಯಿ ಮುಚ್ಚಿದ್ದನ್ನ ಯಾರೂ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಬಸ್ಸು, ಒಂದೇ ರೂಟು, ಬೆಟ್ಟ ಹತ್ತೋದು, ಬೆಟ್ಟ ಇಳಿಯೋದು. ಹೆಂಡತಿಯರ ಜೊತೆ ಕಳೆದದ್ದಕ್ಕಿಂತ ಹೆಚ್ಚು ರಾತ್ರಿ ಇವರಿಬ್ಬರೂ ಒಟ್ಟಿಗೆ ಕಳೆದಿದ್ರು ಅಂತ ನಮ್ಮತ್ತಿಗೆ ಹಂಗಿಸ್ತಿದ್ಲು. ಇಬ್ಬರೂ ಒಂದೇ ವರ್ಷ ರಿಟೈರ್ ಆದ್ರು. ಆಗ ರೇಡಿಯೋಗೆ ಹೊಳೀತಂತೆ... "ಲೋ, ಇಪ್ಪತ್ತೆರಡು ವರ್ಷ ಆ ಬೆಟ್ಟ ದಾಟಿದೀವಿ, ಅದು ಹೇಗಿದೆ ಅಂತ ಹಗಲು ಹೊತ್ತಲ್ಲಿ ಒಂದ್ಸಲಾನೂ ನೋಡಿಲ್ವಲ್ಲೋ!"

ಸರಿ, ಹಳೇದೊಂದು ಸಾಮಾನು ಸಾಗಿಸೋ ವ್ಯಾನ್ ತಗೊಂಡ್ರು. ಇಬ್ಬರೇ ಕೂತು ಅದರೊಳಗೆ ಇಬ್ಬರು ಮಲಗೋವಷ್ಟು ಅಗಲದ ಒಂದು ಮಂಚ ಹೊಡೆದ್ರು, ಒಲೆ ಇಟ್ರು. ಡ್ರೈವರ್ ಸೀಟಿನ ಹಿಂದೆ ಪ್ಲೈವುಡ್ಡಿನ ಹಲಗೆ ಅಡ್ಡ ಹಾಕಿದ್ರು, ಪಕ್ಕದಲ್ಲಿ ಒಬ್ಬ ಮನುಷ್ಯ ಹಾದು ಹೋಗೋವಷ್ಟು ದಾರಿ ಬಿಟ್ಟು ಪರದೆ ಕಟ್ಟಿದ್ರು. ಥೇಟ್ ಅವರ ಬಸ್ಸಿನ ಥರಾನೇ. ಬೇರೆ ಥರ ಮಾಡೋಕೆ ಅವರಿಗೆ ಬರಬೇಕಲ್ಲ!

ಆ ಹಲಗೆ ಯಾಕೆ ಅಂದ್ರೆ... ರಾತ್ರಿ ಬಸ್ಸಲ್ಲಿ ಒಬ್ಬ ಓಡಿಸ್ತಾನೆ, ಇನ್ನೊಬ್ಬ ಹಿಂದಿನ ಗೂಡಲ್ಲಿ ಮಲಗಿರ್ತಾನೆ. ಓಡಿಸೋನಿಗೆ ಇನ್ನು ಆಗಲ್ಲ ಅನ್ನಿಸಿದ್ರೆ ಗಾಡಿ ನಿಲ್ಲಿಸಿ, ಕೈ ಹಿಂದಕ್ಕೆ ಹಾಕಿ ಹಲಗೆ ತಟ್ತಾನೆ. ಟಕ್... ಟಕ್. ಎರಡೇ ಸಲ. ಮಲಗಿರೋನು ಎದ್ದು ಬರಲೇಬೇಕು. ಗಂಟೆ ಎಷ್ಟಾಯ್ತು ಅನ್ನೋ ಹಾಗಿಲ್ಲ, ಇನ್ನೊಂಚೂರು ಓಡಿಸು ಅನ್ನೋ ಹಾಗಿಲ್ಲ. ಅವನು ಬಂದ, ಇವನು ಎದ್ದ, ದಾರೀಲಿ ಭುಜಕ್ಕೆ ಭುಜ ತಾಗ್ತು, ಮುಗೀತು. ಮಾತಿಲ್ಲ. ತಟ್ಟಿದೋನು ಸೋತಿದಾನೆ ಅಂತ ಅರ್ಥ, ಸೋತೋನ ಕೈಲಿ ಐವತ್ತು ಜನರ ಪ್ರಾಣ ಇರಬಾರದು. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರಲ್ಲಿ ಒಬ್ಬನೂ ಇದನ್ನ ತಪ್ಪಿಲ್ಲ.

ಹಾಂ... ಬಾವಿ. ರೇಡಿಯೋ ನಿಂತ. ಬಲಗೈಲಿ ಹೊಟ್ಟೆಯ ಬಲಭಾಗ ಒತ್ತಿ ಹಿಡ್ಕೊಂಡು ಬಾವಿ ಕಟ್ಟೆ ಮೇಲೆ ಕೂತುಬಿಟ್ಟ. ಬೆಳಿಗ್ಗೆಯಿಂದಲೇ ಗ್ಯಾಸು ಗ್ಯಾಸು ಅಂತ ಸ್ಟೇರಿಂಗ್ ಮುಟ್ಟಿರಲಿಲ್ಲ, ಬೆಳಗಿನ ಜಾವ ಐದು ಗಂಟೆಯಿಂದ ಅಣ್ಣನೇ ಓಡಿಸಿದ್ದ. ಈಗ ನೋಡಿದ್ರೆ ಆ ಚಳೀಲಿ ಹಣೆ ಮೇಲೆ ಬೆವರು. ಅಣ್ಣ ಏನು ಕೇಳಿದ್ರೂ ಉತ್ತರ ಇಲ್ಲ. ರೇಡಿಯೋ ಸುಮ್ಮನಾಗಿದ್ದು ನೋಡಿ ನನ್ನ ಎದೆ ಧಸಕ್ಕಂತು ಅಂದ ಅಣ್ಣ.

ಅಂಗಡಿಯಾಕೆ ಫೋನ್ ಮಾಡಿ ನೋಡಿದ್ಲು. ಆಂಬುಲೆನ್ಸ್ ಬೆಳಿಗ್ಗೆ ಹಿಮ ತೆಗೆದ ಮೇಲೇ ಅಂತೆ. ಆಸ್ಪತ್ರೆ ಇರೋದು ಬೆಟ್ಟದ ಆಚೆ, ಅರವತ್ತು ಕಿಲೋಮೀಟರು. ಹೊಟ್ಟೆ ಕಲ್ಲಾಗಿದೆ, ಬೆಳಗಿನವರೆಗೆ ಕಾಯಬೇಡಿ, ನಮ್ಮೆಜಮಾನ್ರಿಗೂ ಹೀಗೇ ಆಗಿತ್ತು ಅಂದ್ಲಂತೆ. ಯಜಮಾನ್ರು ಏನಾದ್ರು ಅಂತ ಅಣ್ಣ ಕೇಳಲಿಲ್ಲ. ಅವಳ ಮುಖ ನೋಡಿದ್ನಲ್ಲ. ರೇಡಿಯೋನ ಮಂಚದ ಮೇಲೆ ಗೋಡೆ ಕಡೆಗೆ ಮಲಗಿಸಿ ಹೊದಿಕೆ ಹೊದಿಸಿದ, ಟೈರಿಗೆ ಚೈನು ಸುತ್ತಿದ, ಹೊರಟೇಬಿಟ್ಟ.

ಕೇಳ್ತಿದೀರಾ? ಅಲ್ಲಿ ದೀಪ ಇಲ್ಲ, ಮನೆ ಇಲ್ಲ. ಎದುರಿಗೆ ಹಿಮ ಮಾತ್ರ ಸುರೀತಿದೆ. ವೈಪರ್ರು ಕುಯ್ಯ್... ಟಪ್. ಕುಯ್ಯ್... ಟಪ್. ಟೈರಿನ ಚೈನು ಚರ್ ಚರ್ ಚರ್... ಎಲ್ಲಾದ್ರೂ ಕಲ್ಲು ಸಿಕ್ಕಿದ್ರೆ ಚಣ್. ಐದೈದು ನಿಮಿಷಕ್ಕೆ ಅಣ್ಣ ಕೂಗ್ತಾನೆ.

"ಇದೀಯೇನೋ?"

"ಇದೀನಿ..."

ಕೂಗೋನಿಗೂ ಶಕ್ತಿ ಇಲ್ಲ, ಓಗೊಡೋನಿಗೂ ಶಕ್ತಿ ಇಲ್ಲ. ಎರಡು ಗಂಟೆ ಹೀಗೇ. ಅಣ್ಣನಿಗೂ ಅರವತ್ತು ದಾಟಿದೆ ಕಣ್ರೇ, ಹದಿನೆಂಟು ಗಂಟೆ ಆಗಿತ್ತು ಸ್ಟೇರಿಂಗ್ ಹಿಡಿದು. ಒಂದ್ಸಲ ಕಣ್ಣು ಮುಚ್ಚಿಹೋಯ್ತು, ಎಡಗಡೆ ಚಕ್ರ ಅಂಚಿನ ಕಲ್ಲಿಗೆ ಢಬ್ ಅಂತ ಬಡೀತು. ಅದರಾಚೆ ಬರೀ ಕತ್ತಲು. ಇಳಿದು ಮುಖಕ್ಕೆ ಹಿಮ ಉಜ್ಜಿಕೊಂಡ, ಕೆನ್ನೆಗೆ ತಾನೇ ಹೊಡ್ಕೊಂಡ, ಮತ್ತೆ ಓಡಿಸಿದ. ಇನ್ನೂ ಮೂವತ್ತು ಕಿಲೋಮೀಟರು. ಗಾಡಿ ನಿಂತ್ರೆ ರೇಡಿಯೋ ಉಳಿಯಲ್ಲ. ಓಡಿಸಿದ್ರೆ ಇಬ್ಬರೂ ಉಳಿಯೋ ಹಾಗೆ ಕಾಣಲಿಲ್ಲ.

ಅಲ್ಲೇ ಆ ತಪ್ಪಾಗಿದ್ದು. ಬೇರೆ ಯಾರೂ ಮಾಡಲ್ಲ ಅಂಥ ತಪ್ಪನ್ನ. ಘಾಟಿಯ ನೆತ್ತಿ ಮೇಲೆ ಸಮತಟ್ಟಾದ ಜಾಗ ಬಂತು, ಗಾಡಿ ನಿಲ್ಲಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಕರ್ರ್ರ್ಕ್... ಕೈ ಹಿಂದಕ್ಕೆ ಹೋಯ್ತು.

ಟಕ್... ಟಕ್.

ನಾನು ತಟ್ಟಲಿಲ್ಲ, ಕೈ ತಟ್ಟಿತು ಅಂತಾನೆ ಅಣ್ಣ. ಹಿಂದಿರೋನು ಸಾಯೋ ಹಾಗಿದಾನೆ ಅನ್ನೋದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಮುಚ್ಚಿಕೊಳ್ತಿದ್ದ ಕಣ್ಣಲ್ಲೇ ಎದ್ದ. ಪರದೆ ಸರಿದ ಸದ್ದು... ಸರ್ರ್. ಆ ಕಡೆಯಿಂದ ಒಬ್ಬ ಬಂದ. ದಾರೀಲಿ ಭುಜಕ್ಕೆ ಭುಜ ತಾಗ್ತು. ಕೋಟು ಒದ್ದೆಯಾಗಿತ್ತು, ಕೊರೆಯೋಷ್ಟು ತಣ್ಣಗಿತ್ತು. ಅಣ್ಣ ಹೋಗಿ ಮಂಚದ ಮೇಲೆ ಬಿದ್ದುಕೊಂಡ. ಹ್ಯಾಂಡ್‌ಬ್ರೇಕ್ ಬಿಟ್ಟದ್ದು ಕೇಳಿಸ್ತು. ಗಾಡಿ ಹೊರಡ್ತು. ಅಬ್ಬಾ... ಅಂತ ಕಾಲು ಚಾಚಿದ.

ಆಗ ಪಕ್ಕದಿಂದ ಪಿಸುಮಾತು.

"ಬಂದ್ವೇನೋ?"

"ಓಡಿಸೋನು ನೀನು... ನನ್ನ ಕೇಳ್ತೀಯಲ್ಲೋ..." ಅಂದ ಅಣ್ಣ, ನಿದ್ದೇಲೇ.

ಒಂದು ತಿರುವು ಕಳೀತು. ಇನ್ನೊಂದು ತಿರುವು. ಆಮೇಲೆ ಅಣ್ಣನ ಕಣ್ಣು ತಾನಾಗೇ ಬಿಟ್ಕೊಂಡ್ತು. ಕೈ ಚಾಚಿ ಮುಟ್ಟಿ ನೋಡಿದ. ರೇಡಿಯೋದೇ ಮೈ, ಕೆಂಡದ ಹಾಗೆ ಸುಡ್ತಿದೆ.

"ಲೋ... ಯಾರೋ ಓಡಿಸ್ತಿರೋದು?" ರೇಡಿಯೋ ಉಸಿರಲ್ಲೇ ಕೇಳಿದ.

"ಗೊತ್ತಿಲ್ಲ ಕಣೋ."

"ನೀನು ತಟ್ಟಿದ್ಯಾ?"

"ತಟ್ಟಿಬಿಟ್ಟೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಮಲಗಿದಾರೆ. ಪರದೆ ಸರಿಸಿ ನೋಡೋ ಧೈರ್ಯ ಇಬ್ಬರಿಗೂ ಇಲ್ಲ. ಕಿವಿ ಮಾತ್ರ ಮುಂದೆ. ಡ್ರೈವರ್‌ಗಳ ಕಿವಿ ಅಲ್ವಾ! ಗೇರ್ ಬಿದ್ದದ್ದು ಕೇಳಿಸ್ತು, ಕ್ಲಕ್. ಇಂಜಿನ್ನು ಊಂ... ಅಂತ ತಗ್ಗಿದ ದನೀಲಿ ಹಿಡ್ಕೊಂಡ್ತು. ಚೈನು ಒಂದೇ ಹದದಲ್ಲಿ ಚರ್ ಚರ್ ಚರ್. ಹೊಟ್ಟೆ ಹಿಡ್ಕೊಂಡು ನರಳ್ತಿರೋ ರೇಡಿಯೋ ಹೇಳ್ತಾನಂತೆ...

"ಎರಡನೇ ಗೇರಲ್ಲೇ ಇಳಿಸ್ತಿದಾನೆ. ಬ್ರೇಕು ಮುಟ್ತಿಲ್ಲ. ನಿನಗಿಂತ ವಾಸಿ ಕಣೋ."

ಅಂಥಾ ಹೊತ್ತಲ್ಲೂ ಬಾಯಿ ಸುಮ್ಮನಿರಲ್ಲ ಅವನದು.

ಎಷ್ಟು ಹೊತ್ತೋ... ಅರ್ಧ ಗಂಟೆಯೋ, ಒಂದು ಗಂಟೆಯೋ. ಮುಂದಿನಿಂದ ಒಂದು ಆಕಳಿಕೆ ಕೇಳಿಸ್ತು. ಉದ್ದಕ್ಕೆ... ಕೊನೇಲಿ ಒಂಚೂರು ನರಳಿದ ಹಾಗೆ. ನಾವು ಎರಡು ಶಿಫ್ಟ್ ಒಟ್ಟಿಗೆ ಮಾಡಿದಾಗ ಆಕಳಿಸ್ತೀವಲ್ಲ, ಹಾಗೆ. ಗಾಡಿ ನಿಧಾನ ಆಯ್ತು. ನಿಂತೇಹೋಯ್ತು. ಹ್ಯಾಂಡ್‌ಬ್ರೇಕು, ಕರ್ರ್ರ್ಕ್.

ಟಕ್... ಟಕ್.

ಅಣ್ಣ ಏಳಲಿಲ್ಲ. ಹೊದಿಕೆ ಮುಖದ ಮೇಲೆ ಎಳ್ಕೊಂಡ.

"ಹೋಗೋ," ಅಂದ ರೇಡಿಯೋ.

"ಹೋಗಲ್ಲ."

"ತಟ್ಟಿದಾನೆ."

"ಅವನು ಮನುಷ್ಯನೇ ಅಲ್ಲ ಕಣೋ!"

"ಯಾರಾದ್ರೇನು... ಸೋತಿದಾನೆ. ತಟ್ಟಿದ ಮೇಲೂ ಅವನನ್ನ ಕೂರಿಸ್ತೀಯಾ? ಮತ್ತೆ ಇಲ್ಲೇ ನಿಂತ್ರೆ ನಾನು ಸಾಯ್ತೀನಿ ಕಣೋ... ನನಗೆ ಗೊತ್ತಾಗ್ತಿದೆ."

ಟಕ್... ಟಕ್ ಅಂತ ಇನ್ನೊಂದ್ಸಲ ಬರಲಿಲ್ಲ. ಅದೇ ಅಣ್ಣನಿಗೆ ತಡೆಯೋಕಾಗಲಿಲ್ಲವಂತೆ. ಒಮ್ಮೆ ತಟ್ಟಿದ ಮೇಲೆ ಮತ್ತೆ ತಟ್ಟೋ ಪದ್ಧತಿ ಇಲ್ಲ ಅಂತ ಮುಂದೆ ಕೂತೋನಿಗೂ ಗೊತ್ತಿತ್ತು, ಸುಮ್ಮನೆ ಕಾಯ್ತಿದ್ದ. ಇಂಜಿನ್ನು ಗುರ್ ಗುರ್ ಅಂತಿದೆ, ಕತ್ತಲಲ್ಲಿ ಯಾರೋ ಕಾಯ್ತಿದಾನೆ. ಅಣ್ಣ ಎದ್ದ. ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಪರದೆ ಸರಿಸಿದ. ಭುಜಕ್ಕೆ ಆ ಒದ್ದೆ ಕೋಟು ತಾಗ್ತು. ಕಿವಿ ಪಕ್ಕದಲ್ಲೇ ಒಂದು ಉಸಿರು...

"ಸಾಕಾಯ್ತಪ್ಪಾ..."

ಅಷ್ಟೇ. ವಯಸ್ಸಾದೋರ ದನಿ.

ಅಣ್ಣ ಸೀಟಲ್ಲಿ ಕೂತು ಕಣ್ಣು ಬಿಟ್ಟ. ಹಿಮ ನಿಂತಿತ್ತು. ಕೆಳಗೆ ಊರಿನ ದೀಪ ಕಾಣ್ತಿತ್ತು, ಇನ್ನು ಐದಾರು ಕಿಲೋಮೀಟರು. ಹಿಂದೆ ಮಂಚದ ಹಲಗೆ ಕಿರ್ರ್... ಅಂತು. ಯಾರೋ ಮಲಗಿದ ಹಾಗೆ. ಅಣ್ಣ ತಿರುಗಿ ನೋಡದೆ ಗೇರು ಹಾಕಿದ. ಹಾಕಿ ಕೂಗಿದ.

"ಇದೀಯೇನೋ?"

"ಶ್... ಇದೀನಿ. ಮೆಲ್ಲಗೆ ಓಡಿಸು."

ಆಸ್ಪತ್ರೆ ಬಾಗಿಲಲ್ಲಿ ಇಬ್ಬರು ಆಯಾಗಳು ಸ್ಟ್ರೆಚರ್ ತಂದು ವ್ಯಾನಿನ ಹಿಂಬಾಗಿಲು ತೆಗೆದ್ರು. ರೇಡಿಯೋ ಗೋಡೆಗೆ ಹಲ್ಲಿ ಹಾಗೆ ಅಂಟಿಕೊಂಡು ಮಲಗಿದ್ದ. ಮಂಚದ ಮುಕ್ಕಾಲು ಜಾಗ ಖಾಲಿ. ಅಷ್ಟು ನಡುಗ್ತಿದ್ರೂ ಅವನ ಮೈಮೇಲೆ ಏನೂ ಇಲ್ಲ, ಹೊದಿಕೆ ಪೂರ್ತಿ ಆ ಖಾಲಿ ಕಡೆಗೆ ಹೊದಿಸಿದ್ದ. ಆಯಾ ಹೊದಿಕೆಗೆ ಕೈ ಹಾಕಿದ್ಲು. ಅವನು ಅವಳ ಕೈ ಹಿಡ್ಕೊಂಡ.

"ಎಬ್ಬಿಸಬೇಡಿ ತಾಯಿ. ನನ್ನೊಬ್ಬನ್ನೇ ಎಳ್ಕೊಳ್ಳಿ."

ಜ್ವರದ ಬಡಬಡಿಕೆ ಅಂದ್ಕೊಂಡ್ರು ಅವರು. ಅಪೆಂಡಿಕ್ಸು, ಇನ್ನೇನು ಒಡೆಯೋದರಲ್ಲಿತ್ತು. ಆಗಿಂದಾಗಲೇ ಆಪರೇಷನ್ ಮಾಡಿದ್ರು. ಇನ್ನೊಂದು ಗಂಟೆ ತಡವಾಗಿದ್ರೆ ನಮ್ಮ ಕೈಲಿರಲಿಲ್ಲ ಅಂದ್ರಂತೆ ಡಾಕ್ಟರು. ಬದುಕಿದ ರೇಡಿಯೋ. ಹೋದ ವಾರ ಕೂಡ ಬಂದು ನನ್ನ ತಲೆ ತಿಂದು ಹೋದ.

ಒಂಬತ್ತು ದಿನ ಇಟ್ಕೊಂಡ್ರು ಅವನನ್ನ. ಒಂಬತ್ತು ರಾತ್ರಿಯೂ ಅಣ್ಣ ವರಾಂಡದ ಬೆಂಚಿನ ಮೇಲೆ ಮುದುರಿಕೊಂಡು ಮಲಗಿದ್ದ. ಹೊರಗಡೆ ವ್ಯಾನಲ್ಲಿ ಇಬ್ಬರು ಮಲಗೋ ಮಂಚ ಇದೆ, ಒಬ್ಬ ವಾರ್ಡಲ್ಲಿದಾನೆ. ಅಲ್ಲಿ ಯಾಕೆ ಮಲಗಲಿಲ್ಲ ಅಂತ ಆಮೇಲೆ ಕೇಳಿದೆ. "ಜಾಗ ಎಲ್ಲಿತ್ತಮ್ಮಾ?" ಅಂದ. ಬೈದೆ ನಾನು. ಇಬ್ಬರಿಗೂ ತಲೆ ಕೆಟ್ಟಿದೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಇದೆಲ್ಲ ಆಗ ನಾನೂ ನಂಬಿರಲಿಲ್ಲ ಕಣ್ರೇ... ಸುಸ್ತಾದೋರಿಗೆ ಏನೇನೋ ಅನ್ನಿಸುತ್ತೆ ಅಂದ್ಕೊಂಡಿದ್ದೆ.

ಅವರು ಮನೆ ಸೇರಿದ ದಿನ ಸಂಜೆ, ಹಾಸಿಗೆ ಬಟ್ಟೆ ಕೊಡು, ಒಗೆದು ಹಾಕ್ತೀನಿ, ವಾಸನೆ ಬಂದಿರುತ್ತೆ ಅಂದೆ. ಅಣ್ಣ ಬೇಡ ಬೇಡ ಅಂದ. ನಾನು ಕೇಳೋಳಾ? ಬಕೆಟ್ ತಗೊಂಡು ವ್ಯಾನಿನ ಹಿಂಬಾಗಿಲು ತೆಗೆದೆ. ಒಳಗೆ ಐಸ್ ಪೆಟ್ಟಿಗೆ ಹಾಗೆ ಥಂಡಿ, ಒಲೆ ಮೇಲಿದ್ದ ಪಾತ್ರೆ ನೀರು ಗಡ್ಡೆ ಕಟ್ಟಿತ್ತು. ಗೋಡೆ ಕಡೆ ರೇಡಿಯೋ ಬೆವರಿನ ಕಲೆ, ಮುಟ್ಟಿದ್ರೆ ಬಟ್ಟೆ ಸೆಟೆದುಕೊಂಡಿತ್ತು. ಇನ್ನೊಂದು ಕಡೆ ಹೊದಿಕೆ ಎತ್ತಿದೆ.

ಇಪ್ಪತ್ತಾರು ವರ್ಷದಿಂದ ಈ ಲಾಡ್ಜಲ್ಲಿ ಜನ ಮಲಗಿ ಎದ್ದ ಹಾಸಿಗೆ ಬಟ್ಟೆ ತೆಗೀತಿದೀನಿ. ಯಾವುದರಲ್ಲಿ ಮಲಗಿದಾರೆ, ಯಾವುದರಲ್ಲಿ ಮಲಗಿಲ್ಲ, ಎದ್ದು ಎಷ್ಟು ಹೊತ್ತಾಯ್ತು... ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸಿಗೆ ಸೊಂಟದ ಹತ್ರ ತಗ್ಗಾಗಿತ್ತು. ಕೈ ಇಟ್ಟೆ. ಈ ಕೈ, ನೋಡಿ, ಇದೇ ಕೈ...

ಬೆಚ್ಚಗಿತ್ತು.

ಒಬ್ಬ ಮನುಷ್ಯ ಮಲಗಿರೋವಷ್ಟೇ ಉದ್ದಕ್ಕೆ, ಅಗಲಕ್ಕೆ ಬೆಚ್ಚಗಿತ್ತು. ಸುತ್ತ ಎಲ್ಲ ಥಂಡಿ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ, ನಾನು ಮುಟ್ಟಿ ನೋಡಿದ್ದು. ಹೆದರಿಕೆ ಆಯ್ತಾ ಅಂದ್ರೆ... ಇಲ್ಲ. ಪಾಪ ಅನ್ನಿಸ್ತು. ಎಷ್ಟು ವರ್ಷದಿಂದ ನಿದ್ದೆಗೆಟ್ಟಿತ್ತೋ ಆ ಜೀವ ಅನ್ನಿಸ್ತು.

ಹೊದಿಕೆ ಮೇಲಕ್ಕೆ ಎಳೆದು ಸರಿಯಾಗಿ ಹೊದಿಸಿದೆ. ಅವತ್ತು ನಾನು ಒಗೆದದ್ದು ರೇಡಿಯೋ ಕಡೆಯ ದಿಂಬಿನ ಚೀಲ ಒಂದೇ.