ಅರ್ಧ ನಿಯಮದ ಮೇಷ್ಟ್ರೂ ಗಸಗಸೆ ಪಾಯಸವೂ

ಒಂದೂರಲ್ಲಿ ಒಬ್ಬರು ಶ್ರೀಮಂತ ಮೇಷ್ಟ್ರು ಇದ್ದರು. ಹಾಗೆ ಮುಖ ಮುಖ ನೋಡಿಕೊಳ್ಳಬೇಡಿ ಮೇಷ್ಟ್ರುಗಳೇ, ನಿಮ್ಮಲ್ಲೂ ಶ್ರೀಮಂತರಿರುತ್ತಾರೆ. ಇವರ ಆಸ್ತಿಯೆಲ್ಲ ವ್ಯಾಖ್ಯೆಗಳಲ್ಲಿತ್ತು. ಬಲದ ವ್ಯಾಖ್ಯೆ, ವೇಗದ ವ್ಯಾಖ್ಯೆ, ಕೆಲಸದ ವ್ಯಾಖ್ಯೆ, ಶಕ್ತಿಯ ವ್ಯಾಖ್ಯೆ. ಸ್ನಾನಕ್ಕೆ ಹೋದಾಗ ಬಚ್ಚಲ ಬಾಗಿಲು ಬಡಿದು ಕೇಳಿದರೂ ಒಳಗಿನಿಂದಲೇ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ್ದರು. ಪ್ರಯೋಗದ ಸಾಮಾನೆಲ್ಲ ಬೀರುವಿನೊಳಗೆ ಭದ್ರವಾಗಿತ್ತು. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ ಭದ್ರವಾಗಿತ್ತು. ಇನ್ನು ಮಕ್ಕಳ ಕೈಗೆ ಸಿಗುತ್ತಿದ್ದದ್ದೇನು? ನೋಟ್ಸು. ಮೊದಲ ವರ್ಷ ಬರೆದ ಅದೇ ನೋಟ್ಸು. ಆ ಹಾಳೆ ಹಳದಿಗೆ ತಿರುಗಿತ್ತು, ಅದರೊಳಗಿನ ಬಸ್ಸು ಮಾತ್ರ ಇನ್ನೂ ಬ್ರೇಕು ಹಾಕುತ್ತಲೇ ಇತ್ತು.

ಯಾವ ಬಸ್ಸು ಅಂತೀರಾ? ನಿಮಗೆ ಗೊತ್ತಿರುವುದೇ. 'ಚಲಿಸುತ್ತಿರುವ ಬಸ್ಸು ತಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ. ಇದಕ್ಕೆ ಕಾರಣ ಜಡತ್ವ.' ಅಡಿಗೆರೆ ಹಾಕಿಕೊಳ್ಳಿ, ಪರೀಕ್ಷೆಗೆ ಬರುತ್ತದೆ.

ಒಂದು ವರ್ಷ ಆ ಶಾಲೆಗೆ ಜಿಲ್ಲೆಯ ಅರವತ್ತು ಜನ ವಿಜ್ಞಾನ ಶಿಕ್ಷಕರು ಬರುವುದೆಂದಾಯಿತು. ಒಂದು ದಿನದ ಕಾರ್ಯಾಗಾರ. ಹನ್ನೊಂದೂವರೆಗೆ ನಮ್ಮ ಮೇಷ್ಟ್ರ ಮಾದರಿ ಪಾಠ, ವಿಷಯ 'ಬಲ ಮತ್ತು ಚಲನೆ'. ಪಾಠ ಮೆಚ್ಚಿಗೆಯಾದರೆ ಆ ಸಲದ ಉತ್ತಮ ಶಿಕ್ಷಕರ ಶಾಲು ಅವರ ಹೆಗಲಿಗೆ. ಮೇಷ್ಟ್ರು ಒಂದು ವಾರದಿಂದ ಕನ್ನಡಿ ಮುಂದೆ ನಿಂತು ಶಾಲು ಹೊದ್ದವರ ಹಾಗೆ ಹೆಗಲು ಸರಿಮಾಡಿಕೊಳ್ಳುತ್ತಿದ್ದರು.

ಹೈಸ್ಕೂಲಿನ ಅಡುಗೆಮನೆಗೆ ಆಗ ಸೂರು ರಿಪೇರಿ ನಡೆಯುತ್ತಿತ್ತು. ಎರಡು ಕಿಲೋಮೀಟರ್ ಆಚೆಯ ಪ್ರೈಮರಿ ಶಾಲೆಯಲ್ಲಿ ಅಡುಗೆ. ಅನ್ನ ಹುಳಿ ಮೊದಲೇ ಬಂದಾಗಿತ್ತು. ಉಳಿದದ್ದು ಒಂದು ಕೊಳದಪ್ಪಲೆ ತುಂಬ ಗಸಗಸೆ ಪಾಯಸ. ಹೆಡ್‌ಮಾಸ್ಟರು ನಮ್ಮ ಮೇಷ್ಟ್ರನ್ನು ಕರೆದು, "ಚಲನೆ, ಬಲ ಎಲ್ಲಾ ನಿಮ್ಮ ಸಬ್ಜೆಕ್ಟು. ಪಾಯಸ ನೀವೇ ನಿಂತು ತರಿಸಿಬಿಡಿ. ಅರವತ್ತು ಜನ, ಮರ್ಯಾದೆ ಪ್ರಶ್ನೆ" ಅಂದರು.

ಮೇಷ್ಟ್ರು ಲಗೇಜ್ ಆಟೋ ಹತ್ತಿ ಹೋದರು. ಅಲ್ಲಿ ಹೈಸ್ಕೂಲಿನ ಅಡುಗೆಯಾಕೆ ಕಾಯುತ್ತಿದ್ದಳು. ಅವಳ ಹೆಸರು ಪುಟ್ಟಹೊನ್ನಮ್ಮ. ಹೆಸರು ನೆನಪಿಟ್ಟುಕೊಳ್ಳಿ, ಹೈಸ್ಕೂಲಿನಲ್ಲಿ ಯಾರೂ ಇಟ್ಟುಕೊಂಡಿರಲಿಲ್ಲ. ಹದಿನಾಲ್ಕು ವರ್ಷ ಆ ಮಕ್ಕಳಿಗೆ ಬಡಿಸಿದ್ದರೂ ಅವಳು ಎಲ್ಲರ ಬಾಯಲ್ಲಿ ಬರೀ 'ಏನಮ್ಮಾ'. ಬೆಳಗಿನ ಜಾವಕ್ಕೇ ಇಳಿಸಿದ ಪಾಯಸ ಅಷ್ಟರಲ್ಲಿ ಆರಿ ಉಗುರುಬೆಚ್ಚಗಾಗಿತ್ತು. ಅವಳು ಅದನ್ನು ಎರಡು ಪಾತ್ರೆಗೆ ಅರ್ಧರ್ಧ ಹಾಕಿಟ್ಟಿದ್ದಳು.

"ಇದೇನಮ್ಮಾ, ಎರಡು?"

"ಒಟ್ಗೇ ಇಟ್ರೆ ಒಂದಕ್ಕೊಂದು ಬಡೀತವೆ, ಎಲ್ಡು ಸಲ ತಗಂಡೋಗಾನ ಮೇಷ್ಟ್ರೇ. ತುಂಬಿದ್ರೆ ತುಳುಕ್ತದೆ."

"ಎರಡು ಸಲ ಓಡಾಡಿದರೆ ಶಕ್ತಿ ಎಷ್ಟು ವ್ಯರ್ಥ ಗೊತ್ತಾ? ಶಕ್ತಿ ಸಂರಕ್ಷಣೆ ಅಂತ ಒಂದಿದೆ. ಒಂದರಲ್ಲೇ ತುಂಬಿಸು."

ನೋಡಿ, ಶಕ್ತಿ ಸಂರಕ್ಷಣೆಯ ನಿಯಮ ಹೇಳುವುದು ಇದನ್ನೇ ಏನು? ನೀವು ಯಾರೂ ಉತ್ತರ ಹೇಳಬೇಡಿ, ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಅವಳು ತುಂಬಿಸಿದಳು. ತುಂಬಿಸಿ, ಎರಡು ಬಾಳೆಲೆ ಸೀಳಿ ತೊಳೆದು ಪಾಯಸದ ಮೇಲೆ ತೇಲಿಬಿಡಲು ಹೋದಳು.

"ಅದ್ಯಾಕೆ?"

"ಎಲೆ ಇದ್ರೆ ಅಲೆ ಏಳಕ್ಕಿಲ್ಲ. ಕೆರೆಯಿಂದ ಬಿಂದಿಗೆ ಹೊರೋರೆಲ್ಲ ಹಾಕ್ತಿದ್ವಿ, ನಮ್ಮವ್ವನ ಕಾಲದಿಂದ್ಲೂ."

"ಈ ಮೂಢನಂಬಿಕೆ ಎಲ್ಲ ವಿಜ್ಞಾನ ಕಾರ್ಯಾಗಾರಕ್ಕೆ ತರಬೇಡ" ಅಂದರು ಮೇಷ್ಟ್ರು. ಪಾತ್ರೆ ಜಾರದಂತೆ ಆಟೋದ ತಗಡಿನ ಮೇಲೆ ಹಾಸಲು ಅವಳು ತಂದಿದ್ದ ಒದ್ದೆ ಗೋಣಿಚೀಲವನ್ನೂ ಪಕ್ಕಕ್ಕೆ ಎಸೆಸಿದರು. ಅಧಿಕಾರಿಗಳು ನೋಡಿದರೆ ಚೆನ್ನಾಗಿರುವುದಿಲ್ಲವಂತೆ. ಕೊನೆಗೆ ಡ್ರೈವರು, "ಸಾ, ಹಗ್ಗ ಸೀಟಿನ ಕೆಳಗೇ ಐತೆ. ಎಲ್ಡು ನಿಮ್ಷ, ಬಿಗಿದ್ಬಿಡ್ತೀನಿ" ಅಂದ.

ಈಗ ಕೇಳಿ. ನಾನು ನೀವು ಮಾಡಬಹುದಾದ ತಪ್ಪಲ್ಲ ಇದು, ಬಲ್ಲವರು ಮಾತ್ರ ಮಾಡಬಲ್ಲ ತಪ್ಪು. ಕ್ಷಮಿಸಿ, ನೀವು ಮಾಡಬಹುದು, ನೀವೂ ಬಲ್ಲವರೇ. ಮೇಷ್ಟ್ರು ಡ್ರೈವರಿನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಇದರ ತೂಕ ಎಷ್ಟಿರಬಹುದಪ್ಪಾ?"

"ಪಾತ್ರೆ ಸೇರಿ ಅರವತ್ತು ಎಪ್ಪತ್ತು ಕೆಜಿ ಇರಬೋದು ಸಾ."

"ರಾಶಿ ಹೆಚ್ಚಿದಷ್ಟೂ ಜಡತ್ವ ಹೆಚ್ಚು. ಇಷ್ಟು ಭಾರದ ಕಾಯ ಕೂತ ಜಾಗ ಬಿಟ್ಟು ಅಲ್ಲಾಡುವುದೇ ಇಲ್ಲ. ಹಗ್ಗ ಯಾಕೆ?"

ಡ್ರೈವರು ತಲೆ ಕೆರೆದುಕೊಂಡ. ಪುಟ್ಟಹೊನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದಳು: "ಕೂತಿದ್ದು ಏಳಾಕಿಲ್ಲ, ಸರಿ ಮೇಷ್ಟ್ರೇ. ಹೊಂಟಿದ್ದು ನಿಲ್ತದಾ?"

ಮೇಷ್ಟ್ರು ನಕ್ಕರು. ಓದಿಲ್ಲದವರ ಪ್ರಶ್ನೆಗೆ ಓದಿದವರು ನಗುವ ನಗು ಇರುತ್ತದಲ್ಲ, ಆ ನಗು. ಅವಳು ಕೇಳಿದ್ದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಅವರೇ ಬರೆದ ನಿಯಮದ ಉಳಿದರ್ಧ. ನಿಶ್ಚಲವಾಗಿರುವುದು ನಿಶ್ಚಲವಾಗಿಯೇ ಇರುತ್ತದೆ ಎಂಬಲ್ಲಿಗೆ ಮೇಷ್ಟ್ರು ಪೂರ್ಣವಿರಾಮ ಹಾಕಿದ್ದರು. ಚಲಿಸುತ್ತಿರುವುದು ಚಲಿಸುತ್ತಲೇ ಇರುತ್ತದೆ ಎಂಬುದನ್ನು ಅಡುಗೆಯಾಕೆ ಬಂದು ಸೇರಿಸಬೇಕಾಯಿತು.

ಆಟೋ ಹೊರಟಿತು. ಅವಳು ಡ್ರೈವರ್ ಪಕ್ಕ ಒತ್ತರಿಸಿಕೊಂಡು ಕೂತಳು. ಮೇಷ್ಟ್ರು ಹಿಂದೆ, ಡ್ರೈವರ್ ಸೀಟಿನ ಹಿಂಬದಿಯ ತಗಡಿಗೆ ಒರಗಿ, ಪಾಯಸಕ್ಕೆ ಎದುರಾಗಿ ಕೂತರು. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಾಠದ ಪೀಠಿಕೆ. ಚಲಿಸುತ್ತಿರುವ ಬಸ್ಸು ತಟ್ಟನೆ ನಿಂತಾಗ...

ಶಾಲೆಯ ಗೇಟಿನ ಮುಂದೆ ಹಂಪು. ಹಂಪಿನ ಮೇಲೆ ಒಂದು ಎಮ್ಮೆ. ಡ್ರೈವರು ಬ್ರೇಕು ತುಳಿದ. ಆಟೋ ನಿಂತಿತು, ಎಮ್ಮೆಯಂತೂ ಮೊದಲೇ ನಿಂತಿತ್ತು. ಪಾಯಸ ಮಾತ್ರ ನಿಯಮ ಪಾಲಿಸಿತು. ಕೊಳದಪ್ಪಲೆ ನುಣ್ಣನೆ ತಗಡಿನ ಮೇಲೆ ಸೊಂಯ್ಯೆಂದು ಜಾರಿ ಬಂದು ಮೇಷ್ಟ್ರ ಮೊಣಕಾಲಿಗೆ ಬಡಿಯಿತು. ಪಾತ್ರೆ ಅಲ್ಲಿಗೆ ನಿಂತು ವಾಲಿತು, ಒಳಗಿನ ಪಾಯಸ ಮಾತ್ರ ನಿಲ್ಲಲಿಲ್ಲ. ಎದೆಗೆ, ಗಡ್ಡಕ್ಕೆ, ಕನ್ನಡಕಕ್ಕೆ. ಜೇಬಿನಲ್ಲಿದ್ದ ಬೀರುವಿನ ಬೀಗದ ಕೈಯೂ ಗಸಗಸೆಯಲ್ಲಿ ಮುಳುಗಿತು.

ಹೆಡ್‌ಮಾಸ್ಟರು ಓಡಿ ಬಂದರು. ತಳದಲ್ಲಿ ನಾಲ್ಕು ಜನರಿಗಾಗುವಷ್ಟು ಪಾಯಸ. ಅವರ ಮುಖ ಕೆಂಪಾಯಿತು. "ಏನಮ್ಮಾ ಇದು? ಬುದ್ಧಿ ಬೇಡ್ವಾ? ಹಗ್ಗ ಕಟ್ಟಿಲ್ಲ, ಕಂಠದವರೆಗೆ ತುಂಬಿದೀಯ!"

ಪುಟ್ಟಹೊನ್ನಮ್ಮ ಮೇಷ್ಟ್ರ ಮುಖ ನೋಡಿದಳು. ಡ್ರೈವರೂ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಯಾರ ಮುಖ ನೋಡಿದರು? ಕೈಗಡಿಯಾರದ ಮುಖ. ಹನ್ನೊಂದೂ ಕಾಲು. ಹದಿನೈದು ನಿಮಿಷದಲ್ಲಿ ಪಾಠ. ಶಾಲು. "ಅದು... ಹೇಗೋ ಚೆಲ್ಲಿಬಿಡ್ತು ಸಾರ್" ಅಂದರು.

ಚೆಲ್ಲಿಬಿಡ್ತು! ಯಾರೂ ಚೆಲ್ಲಲಿಲ್ಲ, ತಾನೇ ಚೆಲ್ಲಿತು. ಬಲವಿಲ್ಲದೆ ಏನೂ ಕದಲದು ಎಂದು ಇಪ್ಪತ್ತೆರಡು ವರ್ಷ ಬೋಧಿಸಿದ ಬಾಯಿ ಅದು.

"ನಾಳೆಯಿಂದ ಬರಬೇಡಮ್ಮಾ ನೀನು" ಅಂದರು ಹೆಡ್‌ಮಾಸ್ಟರು. ಅವಳು "ಆಯ್ತು ಸಾ" ಎಂದಷ್ಟೇ ಹೇಳಿ, ಪಾತ್ರೆ ತೊಳೆಯಲು ನಲ್ಲಿಯ ಕಡೆ ಹೊರಟಳು. ಮೇಷ್ಟ್ರಿಗೆ ಏನೋ ಹೇಳಬೇಕೆನಿಸಿತು. ನಾಲಿಗೆ ಏಳಲಿಲ್ಲ. ನಾಲಿಗೆಯೂ ಒಂದು ಕಾಯವೇ ನೋಡಿ, ಒಮ್ಮೆ ಸುಮ್ಮನಾದರೆ ಹೊರಗಿನಿಂದ ಬಲ ಬೀಳುವ ತನಕ ಸುಮ್ಮನೆಯೇ.

ಡ್ರಿಲ್ ಮೇಷ್ಟ್ರ ನೀಲಿ ಜಾಕೆಟ್ಟು ಎರವಲು ತಂದು, ಪಾಯಸದ ಅಂಗಿಯ ಮೇಲೇ ಕತ್ತಿನವರೆಗೆ ಜಿಪ್ಪು ಎಳೆದುಕೊಂಡು ಪಾಠಕ್ಕೆ ನಿಂತರು. ಮುಂದೆ ನಲವತ್ತು ಮಕ್ಕಳು, ಹಿಂದೆ ಅರವತ್ತು ಶಿಕ್ಷಕರು. ಗಸಗಸೆ ಪಾಯಸ ಕುಡಿದರೆ ಕಣ್ಣು ಎಳೆಯುತ್ತದೆ ಅನ್ನುತ್ತಾರೆ. ಆ ದಿನ ಪಾಯಸವಿಲ್ಲದೆಯೇ ಹಿಂದಿನ ಸಾಲು ಹತ್ತು ನಿಮಿಷಕ್ಕೆ ತೂಗಡಿಸಿತು. ಬಸ್ಸು ಬಂತು, ಬ್ರೇಕು ಬಿತ್ತು, ಪ್ರಯಾಣಿಕರು ವಾಲಿದರು, ಮಕ್ಕಳು ಒಕ್ಕೊರಲಿನಲ್ಲಿ 'ಜಡತ್ವ' ಅಂದರು.

"ಭೇಷ್. ನಿಮ್ಮ ಜೀವನದಿಂದ ಇನ್ನೊಂದು ಉದಾಹರಣೆ?"

ನೋಟ್ಸಿನಲ್ಲಿ ಇಲ್ಲದ ಉದಾಹರಣೆ ಯಾರು ಕೊಡುತ್ತಾರೆ? ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದಳು. ಅವಳು ಗೇಟಿನ ಹತ್ತಿರ ಅತಿಥಿಗಳಿಗೆ ಹೂ ಕೊಡಲು ನಿಂತಿದ್ದವಳು.

"ಸಾರ್, ಪಾಯಸ."

ತೂಗಡಿಸುತ್ತಿದ್ದವರು ಎಚ್ಚರಾದರು.

"ಆಟೋ ನಿಂತ್ರೂ ಪಾಯಸ ನಿಲ್ಲಲಿಲ್ಲ ಸಾರ್. ಹಗ್ಗ ಕಟ್ಟಿದ್ರೆ, ಪಾತ್ರೆ ನಿಲ್ಲಿಸೋ ಬಲ ಹಗ್ಗದಿಂದ ಸಿಗ್ತಿತ್ತು. ಅಲ್ವಾ ಸಾರ್? ಮತ್ತೆ ಹಗ್ಗ ಯಾಕೆ ಕಟ್ಟಲಿಲ್ಲ?"

ಇಪ್ಪತ್ತೆರಡು ವರ್ಷದಲ್ಲಿ ಆ ತರಗತಿಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ. ಕಿಟಕಿಯಾಚೆ ನಲ್ಲಿಯ ಬಳಿ ಕೊಳದಪ್ಪಲೆ ಉಜ್ಜುವ ಸದ್ದು ಕೇಳುತ್ತಿತ್ತು. ಮೇಷ್ಟ್ರ ಕುತ್ತಿಗೆಯ ಬಳಿ ಗಸಗಸೆ ಒಣಗಿ ಕೆರೆಯುತ್ತಿತ್ತು. ಅವರು ಒಮ್ಮೆ ಹೆಡ್‌ಮಾಸ್ಟರನ್ನು ನೋಡಿದರು, ಮೇಜಿನ ಮೇಲೆ ಮಡಿಸಿಟ್ಟ ಶಾಲು ನೋಡಿದರು. ಆಮೇಲೆ ಜಾಕೆಟ್ಟಿನ ಜಿಪ್ಪು ಕೆಳಗೆಳೆದರು. ಎದೆಯ ತುಂಬ ಪಾಯಸ.

"ಹಗ್ಗ ಬೇಡ ಅಂದವನು ನಾನು. ಒಂದರಲ್ಲೇ ತುಂಬಿಸು ಅಂದವನೂ ನಾನು. ಗೋಣಿ ಎಸೆಸಿದವನೂ ನಾನೇ. ನನಗೆ ನಿಯಮ ಅರ್ಧ ಮಾತ್ರ ಗೊತ್ತಿತ್ತು ಮಕ್ಕಳೇ. ಉಳಿದರ್ಧ ಹೇಳಿಕೊಟ್ಟವರು ಅಲ್ಲಿ ಪಾತ್ರೆ ತೊಳೀತಿದ್ದಾರೆ." ಕಿಟಕಿಗೆ ಹೋಗಿ ಕೂಗಿದರು: "ಅಮ್ಮಾ! ಒಂದು ಬಕೆಟ್ ನೀರು, ಒಂದು ಬಾಳೆಲೆ ತಗೊಂಡು ಒಳಗೆ ಬನ್ನಿ. ಅಂದಹಾಗೆ, ನಿಮ್ಮ ಹೆಸರೇನು?"

ಅವಳು ಬಾಗಿಲಲ್ಲಿ ನಿಂತು, "ಪುಟ್ಟಹೊನ್ನಮ್ಮ. ಹದಿನಾಲ್ಕು ವರ್ಷ ಆಯ್ತು ಮೇಷ್ಟ್ರೇ, ಈಗ ಕೇಳಿದ್ರಿ" ಅಂದಳು.

ಬಕೆಟ್ಟು ಹಿಡಿದು ಮಕ್ಕಳು ಬೆಂಚುಗಳ ನಡುವೆ ಓಡಿದರು. ಎಲೆಯಿಲ್ಲದೆ ಓಡಿದಾಗ ನೆಲ ಒದ್ದೆ. ಎಲೆ ತೇಲಿಸಿ ಓಡಿದಾಗ ಅಲೆ ಎದ್ದರೂ ಎಲೆಗೆ ಉಜ್ಜಿ ಉಜ್ಜಿ ತನ್ನ ಶಕ್ತಿಯನ್ನು ಅಲ್ಲೇ ಕಳೆದುಕೊಂಡು ಸಣ್ಣಗಾಯಿತು. ಮೂಢನಂಬಿಕೆ ಮಾತ್ರ ಒಂದು ಹನಿ ಕೂಡ ಚೆಲ್ಲಲಿಲ್ಲ. ಪುಟ್ಟಹೊನ್ನಮ್ಮನಿಗೆ 'ನಾಳೆಯಿಂದ ಬರಬೇಡ' ಅಂದ ಮಾತನ್ನು ಹೆಡ್‌ಮಾಸ್ಟರು ಅರವತ್ತು ಶಿಕ್ಷಕರ ಎದುರಿಗೆ ಹೇಗೆ ಉಳಿಸಿಕೊಳ್ಳುತ್ತಾರೆ? "ನಾಳೆ ಬೇಗ ಬಂದ್ಬಿಡಮ್ಮಾ" ಅಂದರು. ಶಾಲು? ಅದು ಬಣ್ಣದ ಚಾರ್ಟಿನಲ್ಲಿ ಬಸ್ಸು ಬರೆದು ತಂದಿದ್ದ ಇನ್ನೊಂದು ಶಾಲೆಯ ಮೇಷ್ಟ್ರ ಹೆಗಲಿಗೆ ಹೋಯಿತು. ಬಸ್ಸು ಬಹಳ ಚೆನ್ನಾಗಿತ್ತಂತೆ.

ಈಗ ನಕ್ಕಿದ್ದು ಸಾಕು. ನೋಡಿ, ಆ ಮೇಷ್ಟ್ರು ಈ ಸಭೆಯಲ್ಲಿ ಇಲ್ಲ. ಖಂಡಿತ ಇಲ್ಲ. ಇಲ್ಲಿರುವ ನಿಮ್ಮ ಯಾರ ಜೇಬಿನಲ್ಲೂ ಬೀರುವಿನ ಬೀಗದ ಕೈ ಇಲ್ಲ, ಯಾರ ನೋಟ್ಸೂ ಹಳದಿಯಾಗಿಲ್ಲ, ಯಾರೂ 'ಹೇಗೋ ಚೆಲ್ಲಿಬಿಡ್ತು' ಅಂದವರಲ್ಲ. ಆದರೂ, ನಿಮ್ಮ ಪಕ್ಕದಲ್ಲಿ ಕೂತವರಿಗಾಗಿ ಹೇಳುತ್ತೇನೆ.

ನಾಳೆ ಶಾಲೆಗೆ ಹೋದವರೇ ಮೊದಲು ಆ ಬೀಗ ತೆಗೆಯಿರಿ. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡಿ, ಘರ್ಷಣೆಯ ಪಾಠವೂ ಆಗುತ್ತದೆ. ಒಡೆದರೆ ಒಡೆಯಲಿ. ಬೋರ್ಡಿನ ಮೇಲೆ 'ಬಲ' ಎಂದು ಬರೆಯುವ ಮುಂಚೆ ಮಕ್ಕಳ ಕೈಯಲ್ಲಿ ಒಂದು ಬೆಂಚನ್ನಾದರೂ ತಳ್ಳಿಸಿ, ಎಳೆಸಿ. ಬಸ್ಸನ್ನು ಡಿಪೋಗೆ ಕಳಿಸಿ, ಪಾಪ, ಎಷ್ಟು ವರ್ಷ ಬ್ರೇಕು ಹಾಕೀತು? ನೀರು ಹೊರುವವರು, ಗಾಡಿ ಹೊಡೆಯುವವರು, ಮೂಟೆ ಎತ್ತುವವರು ಯಾರಾದರೂ ಹೀಗಲ್ಲ ಮೇಷ್ಟ್ರೇ ಅಂದರೆ, ನಗುವ ಮುಂಚೆ ಒಂದು ಸಲ ಮಾಡಿ ನೋಡಿ. ತಪ್ಪಿದಾಗ ನಾನು ತಪ್ಪಿದೆ ಅನ್ನಿ. ನೀವು ಸುಮ್ಮನಿದ್ದರೆ ಅದರ ಪೆಟ್ಟು ನಿಮಗೆ ಬೀಳುವುದಿಲ್ಲ, ಇನ್ನೊಬ್ಬರ ಅನ್ನಕ್ಕೆ ಬೀಳುತ್ತದೆ.

ಊಟದ ಹೊತ್ತಾಯಿತು. ಇವತ್ತು ಪಾಯಸ ಇದೆಯಂತೆ. ಪಾತ್ರೆಯಲ್ಲಿ ಎಲೆ ತೇಲುತ್ತಿದ್ದರೆ ಮುಖ ಸಿಂಡರಿಸಿ ಎತ್ತಿ ಎಸೆಯಬೇಡಿ. ಹಾಕಿದವರು ಯಾರೆಂದು ಒಳಗೆ ಹೋಗಿ ಕೇಳಿ. ಹಾಗೆಯೇ ಅವರ ಹೆಸರನ್ನೂ ಕೇಳಿಕೊಂಡು ಬನ್ನಿ.